ಕಾಯಲಾರದ ಆಫೀಸರೂ ನಮ್ಮ ಬೀಗದತ್ತೆಯೂ

ನನ್ನ ಸೋದರತ್ತೆಯನ್ನು ಊರೆಲ್ಲ ಕರೆಯುವುದು ಬೀಗದತ್ತೆ ಎಂದೇ. ಬಸ್ ನಿಲ್ದಾಣದ ಎದುರಿನ ಕಟ್ಟಡದಲ್ಲಿ, ಮೆಟ್ಟಿಲ ಕೆಳಗಿನ ಸಂದಿಯಲ್ಲಿ ಕೂತು ಇಪ್ಪತ್ತಾರು ವರ್ಷ ಕೀಲಿಕೈ ಮಾಡಿದವಳು. ಅಲ್ಲಿ ಎದ್ದು ನಿಂತರೆ ತಲೆ ಮೆಟ್ಟಿಲಿಗೆ ಬಡಿಯುತ್ತದೆ. ಹಾಗಾಗಿ ಗಿರಾಕಿ ಎಷ್ಟೇ ದೊಡ್ಡ ಮನುಷ್ಯನಾದರೂ ಅತ್ತೆ ಏಳುವುದಿಲ್ಲ. ಕೆಲವರು ಅದನ್ನು ಸೊಕ್ಕು ಅಂದುಕೊಂಡಿದ್ದಾರೆ. ಸ್ವಲ್ಪ ಸೊಕ್ಕೂ ಇದೆ, ಸುಳ್ಳೇಕೆ ಹೇಳಲಿ.

ಅವಳದೊಂದು ಕಟ್ಟುನಿಟ್ಟು. ಕೀಲಿ ಕಳೆದುಹೋಗಿದೆ, ಬಾಗಿಲು ತೆಗೆದುಕೊಡಿ ಎಂದು ಯಾರು ಕರೆದರೂ ಹೋಗುತ್ತಾಳೆ. ಆದರೆ ಬೀಗ ಮುಟ್ಟುವ ಮೊದಲು ಪಕ್ಕದ ಮನೆಯ ಬಾಗಿಲು ಬಡಿದು, ಈ ಮನೆ ಇವರದ್ದೇನಾ ಎಂದು ವಿಚಾರಿಸುತ್ತಾಳೆ. ಒಮ್ಮೆ ನನ್ನ ಬಾಡಿಗೆ ಮನೆಯ ಕೀಲಿ ಕಳೆದಾಗ, ಎತ್ತಿ ಆಡಿಸಿದ ಅಣ್ಣನ ಮಗಳು ಎಂದೂ ನೋಡದೆ, ಪಕ್ಕದವರು ಬರುವ ತನಕ ಮುಕ್ಕಾಲು ಗಂಟೆ ಬಿಸಿಲಲ್ಲಿ ನಿಲ್ಲಿಸಿದಳು. ಆ ಸಿಟ್ಟು ನನಗೆ ಇವತ್ತಿಗೂ ಪೂರ್ತಿ ಇಳಿದಿಲ್ಲ.

ಅತ್ತೆಗಿದ್ದದ್ದು ಒಂದೇ ಆಸೆ, ತನ್ನದೇ ಒಂದು ಅಂಗಡಿ. ಅದರ ಮುಂಗಡಕ್ಕೆಂದು ಹನ್ನೊಂದು ವರ್ಷ ಹೊಟ್ಟೆ ಬಟ್ಟೆ ಕಟ್ಟಿ ಕೂಡಿಟ್ಟಿದ್ದಳು. ಕೊನೆಗೂ ಅದೇ ಬೀದಿಯಲ್ಲಿ, ಕನ್ನಡಕದಂಗಡಿಯ ಪಕ್ಕ ಒಂದು ಕೋಣೆ ಸಿಕ್ಕಿತು. ಸೋಮವಾರ ಹಣ ಕೊಡಬೇಕು, ತಪ್ಪಿದರೆ ಮಾಲೀಕ ಬೇರೆಯವರಿಗೆ ಕೊಡುತ್ತಾನೆ.

ಶನಿವಾರ ಮಧ್ಯಾಹ್ನ ನಾನು ಅವಳ ಪಕ್ಕ ಮುದುರಿಕೊಂಡು ಕೂತಿದ್ದಾಗ ಅವಳ ಫೋನಿಗೆ ಸಂದೇಶ ಬಂತು. 'ನಿಮ್ಮ ಖಾತೆ ಇಂದು ಸಂಜೆ ಸ್ಥಗಿತವಾಗಲಿದೆ. ಕೂಡಲೇ ವಿವರ ತುಂಬಿ.' ಕೆಳಗೊಂದು ಲಿಂಕ್. ಅತ್ತೆಯ ಕೈಯಲ್ಲಿ ಅರದಿಂದ ಅರ್ಧ ಉಜ್ಜಿದ ಕೀಲಿ. ನಾನೋ ಆಫೀಸಿನಲ್ಲಿ ಕಂಪ್ಯೂಟರ್ ಮುಂದೆ ಕೂರುವವಳು, ಮನೆಮಂದಿಗೆಲ್ಲ ಫೋನಿನ ಪಂಡಿತೆ.

"ಕೊಡತ್ತೆ ಇಲ್ಲಿ, ಎರಡು ನಿಮಿಷದ ಕೆಲಸ" ಎಂದು ಫೋನ್ ಕಸಿದು ಲಿಂಕ್ ಒತ್ತಿದೆ. ಬ್ಯಾಂಕಿನದ್ದೇ ಗುರುತು, ಅದೇ ಬಣ್ಣ. ಅವಳ ಕಾರ್ಡಿನ ಹಿಂದೆ ಮುಂದೆ ಇದ್ದ ಅಂಕಿಗಳನ್ನೆಲ್ಲ ತುಂಬಿದೆ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಊರಿಗೆಲ್ಲ ಉಪದೇಶ ಮಾಡುವವಳೂ ನಾನೇ!

ಮರುಕ್ಷಣ ಫೋನ್ ಬಂತು. ಸ್ಪೀಕರ್ ಹಾಕಿದೆ.

"ಬ್ಯಾಂಕಿಂದ ಆಫೀಸರ್ ಮಾತಾಡ್ತಿದೀನಿ ಮೇಡಂ. ನಿಮಗೊಂದು ಒಟಿಪಿ ಬಂದಿರುತ್ತೆ. ಅದನ್ನ ಹೇಳಿಬಿಟ್ರೆ ಖಾತೆ ಉಳಿಯುತ್ತೆ."

ಆರು ಅಂಕಿ ಬಂದಿದ್ದವು. ಅದರ ಕೆಳಗೇ, ಇದನ್ನು ಯಾರಿಗೂ ಹೇಳಬೇಡಿ ಎಂದೂ ಬರೆದಿತ್ತು. ನಾನದನ್ನು ಓದಲೇ ಇಲ್ಲ. ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಹಿತ್ತಾಳೆ ಪುಡಿ ಮೆತ್ತಿದ ಕೈಯಿಂದ ಫೋನ್ ಹಿಡಿದುಕೊಂಡಳು.

"ಒಂದರ್ಧ ಗಂಟೆ ಕಾಯ್ತೀಯಾ ಅಪ್ಪಾ? ಬ್ಯಾಂಕಲ್ಲೊಂದು ಮಾತು ಕೇಳಿ ಹೇಳ್ತೀನಿ."

"ಅಯ್ಯೋ, ನಾನೇ ಬ್ಯಾಂಕು ಅಮ್ಮ!"

"ನಿನ್ನ ವಿಷಯ ನಿನ್ನನ್ನೇ ಕೇಳಿದ್ರೆ ಹೆಂಗಪ್ಪ?"

"ಟೈಮಿಲ್ಲ! ಎರಡು ನಿಮಿಷದಲ್ಲಿ ದುಡ್ಡೆಲ್ಲ ಹೋಗುತ್ತೆ!"

ಅತ್ತೆ ಫೋನ್ ಕತ್ತರಿಸಿ ನನ್ನ ಕಡೆ ತಿರುಗಿದಳು. "ಸ್ವಂತ ಮನೆಯೋನು ನನಗೆ ಬೈತಾನೆ ಕಣೆ, ಆದ್ರೆ ಕಾಯ್ತಾನೆ. ಕಾಯೋಕಾಗ್ದೆ ಜಾಗ ಖಾಲಿ ಮಾಡಿದೋರು ಇಷ್ಟು ವರ್ಷದಲ್ಲಿ ನಾಲ್ಕು ಜನ. ನಾಲ್ಕೂ ಜನ ಕಳ್ಳರೇ."

ಗಾಬರಿಯಲ್ಲಿ ಅದೇ ನಂಬರಿಗೆ ತಿರುಗಿ ಫೋನ್ ಮಾಡಲು ಹೊರಟೆ. ಅತ್ತೆ ತಲೆ ಚಚ್ಚಿಕೊಂಡಳು. "ಅವನು ತೋರಿಸಿದ ಪಕ್ಕದ ಮನೇನೇ ಬಡೀತಾರೇನೆ, ಪಂಡಿತೆ? ಕಾರ್ಡಿನ ಬೆನ್ನ ಮೇಲೆ ನಂಬರಿದೆ ನೋಡು."

ಆ ನಂಬರಿನಲ್ಲಿ ಸಿಕ್ಕ ಹೆಂಗಸು ನಿಧಾನವಾಗಿ ಎಲ್ಲ ಕೇಳಿಸಿಕೊಂಡಳು. ತಮ್ಮ ಬ್ಯಾಂಕಿನಿಂದ ಯಾರೂ ಫೋನ್ ಮಾಡಿಲ್ಲ, ಇಂಥ ಲಿಂಕನ್ನು ತಾವು ಕಳಿಸುವುದೇ ಇಲ್ಲ ಎಂದಳು. ಕಾರ್ಡನ್ನು ಅಲ್ಲೇ ರದ್ದು ಮಾಡಿದಳು. ಒಟಿಪಿ ಹೇಳಿದ್ದರೆ ಖಾತೆ ಗುಡಿಸಿದ ಹಾಗೆ ಖಾಲಿಯಾಗುತ್ತಿತ್ತಂತೆ. ಒಂದು ಪೈಸೆಯೂ ಹೋಗಿರಲಿಲ್ಲ! ನಾನು ಅಲ್ಲೇ ಬಿಕ್ಕಿ ಬಿಕ್ಕಿ ಅತ್ತುಬಿಟ್ಟೆ, ನಾಚಿಕೆಗೂ, ನೆಮ್ಮದಿಗೂ.

ಅಷ್ಟರಲ್ಲಿ ಆ ಆಸಾಮಿ ಮತ್ತೆ ಫೋನ್ ಮಾಡಬೇಕೆ! ಅತ್ತೆ ಅಕ್ಕರೆಯಿಂದಲೇ ಕೇಳಿದಳು: "ನಿನ್ನ ಬಾಯಿಗೊಂದು ಬೀಗ ಮಾಡಿಕೊಡ್ಲಾ ಮಗನೆ? ಕೀಲಿ ಮಾತ್ರ ಕೊಡಲ್ಲ." ಅವನು ಫೋನಿಟ್ಟ. ಎದುರಿಗೆ ನಿಂತಿದ್ದ ಮೂವರು ಗಿರಾಕಿಗಳು ಹೋ ಎಂದು ನಕ್ಕರು, ಅಳುತ್ತಿದ್ದ ನಾನೂ ನಕ್ಕೆ.

ಸೋಮವಾರ ಬ್ಯಾಂಕಿಗೆ ಹೋಗಿ, ಕೌಂಟರಿನಲ್ಲೇ ಮಾಲೀಕನ ಖಾತೆಗೆ ಹಣ ಹಾಕಿಸಿದೆವು. ಅವನು ಅಂಗಡಿಯ ಎರಡು ಕೀಲಿ ಕೊಟ್ಟು, ಇನ್ನು ಬೇರೆ ಕೀಲಿ ಯಾರ ಹತ್ತಿರವೂ ಇಲ್ಲ ಎಂದ. "ಸರಿ ಸಾರ್, ನಂಬಿದೆ" ಎಂದಳು ಅತ್ತೆ. ಅವನು ಬೀದಿಯ ತಿರುವು ದಾಟುವುದರೊಳಗೆ ಹಳೆ ಬೀಗ ಕಿತ್ತು, ತಾನೇ ಮಾಡಿದ ಹೊಸ ಬೀಗ ಕೂರಿಸಿದ್ದಳು.

ಅದಕ್ಕೂ ಎರಡು ಕೀಲಿ. ಒಂದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಇನ್ನೊಂದನ್ನು, ಅವಳ ಹನ್ನೊಂದು ವರ್ಷವನ್ನು ಎರಡು ನಿಮಿಷದಲ್ಲಿ ಕಳೆಯಹೊರಟಿದ್ದ ನನ್ನ ಕೈಗಿಟ್ಟಳು.

"ಬೇಡತ್ತೆ, ನನಗೆ ಭಯ" ಎಂದೆ.

"ಅದಕ್ಕೇ ನಿಂಗೆ ಕೊಟ್ಟಿದ್ದು" ಎಂದಳು.