ಸುರೇಖಾಳ ಎದುರು ಕೂತ ಅಂಕಣಕಾರ

ಆಟಗಾರ್ತಿಯನ್ನು ಹಾಗೆ ಹೀಯಾಳಿಸಿ ಬರೆದ ಅಂಕಣಕಾರ ಅವಳೆದುರಿಗೇ ಬಂದು ಕೂರುವುದು ಎಂದಿಗೂ ಆಗದ ಮಾತು ಎಂದವರು ನಮ್ಮ ಪ್ರಾಚಾರ್ಯ ಮಾಣಿಕಪ್ಪನವರು. ಆಗ ನಾನು ಔರಾದಿನ ಪದವಿ ಕಾಲೇಜಿನಲ್ಲಿ ದೈಹಿಕ ಶಿಕ್ಷಣ ನಿರ್ದೇಶಕಿ. ಕೆಲಸಕ್ಕೆ ಸೇರಿ ನಾಲ್ಕನೇ ವರ್ಷ. ನಮ್ಮ ಮನೆತನದಲ್ಲಿ ಪದವಿ ಪಡೆದ ಮೊದಲನೆಯವಳು ನಾನು. ಓಡುವುದನ್ನು ಕಲಿಯಲು ಹುಡುಗಿ ಕಾಲೇಜಿಗೆ ಹೋಗಬೇಕೇ ಎಂದು ನಕ್ಕವರ ನಡುವೆಯೇ ಬಿ.ಪಿ.ಇಡಿ. ಮುಗಿಸಿದವಳು. ಆಗದು ಎಂಬ ಮಾತಿಗೆ ನಾನು ಕಿವಿಗೊಡುವುದು ಕಡಿಮೆ.

ಭಾಲ್ಕಿಯಲ್ಲಿ ಅಂತರ ಕಾಲೇಜು ಖೋ ಖೋ ಫೈನಲ್. ವಿಶ್ವವಿದ್ಯಾಲಯದ ತಂಡವನ್ನು ಆ ಪಂದ್ಯಾವಳಿಯಿಂದಲೇ ಆರಿಸುವವರಿದ್ದರು. ಬಿ.ಎ. ಕೊನೆಯ ವರ್ಷದ ನಮ್ಮ ಸುರೇಖಾ ಪೋಲ್ ಡೈವ್‌ಗೆ ಹೆಸರಾದವಳು. ಮೈದಾನದ ತುದಿಯ ಕಂಬವನ್ನು ಒಂದು ಕೈಯಲ್ಲಿ ಹಿಡಿದು, ಮೈಯನ್ನೆಲ್ಲ ಮುಂದಕ್ಕೆ ಚೆಲ್ಲಿ ಎದುರಾಳಿಯನ್ನು ಮುಟ್ಟುವುದೇ ಪೋಲ್ ಡೈವ್. ಮುಟ್ಟಿದರೆ ಎದುರಾಳಿ ಔಟ್; ಆದರೆ ನೆಲಕ್ಕೆ ಬಿದ್ದಾಗ ಗದ್ದ, ಮೊಣಕೈ ತರಚಿಹೋಗುತ್ತವೆ. ಕೊನೆಯ ಗಳಿಗೆಯಲ್ಲಿ ಎದುರಾಳಿ ಕೈಗೆಟಕುವಷ್ಟು ಹತ್ತಿರವಿದ್ದಳು. ಸುರೇಖಾ ಡೈವ್ ಹೊಡೆಯದೆ ನಿಂತುಬಿಟ್ಟಳು. ಒಂದು ಅಂಕದಿಂದ ಸೋತೆವು. ಯಾಕೆಂದು ನನಗೂ ಹೇಳಲಿಲ್ಲ.

ಬೀದರಿನ ಪತ್ರಿಕೆಯೊಂದಕ್ಕೆ ಕ್ರೀಡಾ ಅಂಕಣ ಬರೆಯುತ್ತಿದ್ದ ವೈಜನಾಥರು ಪಂದ್ಯ ನೋಡಿದವರೇ ಬಸ್ಸು ಹಿಡಿದು ಹೋದರು. ಸುರೇಖಾ ಅಲ್ಲೇ ನೀರು ಕುಡಿಯುತ್ತ ಕೂತಿದ್ದಳು. ಮಣ್ಣಿಗೆ ಹೆದರುವವರಿಗೆ ವಿಶ್ವವಿದ್ಯಾಲಯದ ತಂಡದಲ್ಲಿ ಜಾಗವಿರಬಾರದು ಎಂದು ಮುಂದಿನ ವಾರ ಅವಳ ಹೆಸರು ಹಾಕಿಯೇ ಬರೆದರು. ನಮ್ಮ ಸ್ಟಾಫ್ ರೂಮಿನಲ್ಲಿ ಅದನ್ನು ಗಟ್ಟಿಯಾಗಿ ಓದಿ ನಕ್ಕವರೂ ಇದ್ದರು.

ನಾನು ವೈಜನಾಥರಿಗೆ ಫೋನ್ ಮಾಡಿ, ಬರೆದದ್ದನ್ನು ಅವಳ ಮುಖ ನೋಡಿ ಹೇಳಿ ಎಂದೆ. ಬೈಯುತ್ತಾರೆ ಎಂದುಕೊಂಡಿದ್ದೆ, ಬೀದರಿನ ಮೈಲೂರು ಬಡಾವಣೆಯ ಮನೆಯಿಂದ ಹೊರಟು ಬಂದೇಬಿಟ್ಟರು. ಪ್ರಾಚಾರ್ಯರು ತಮ್ಮ ಕೋಣೆಯಲ್ಲೇ ಅವರನ್ನೂ ಸುರೇಖಾಳನ್ನೂ ಕೂರಿಸಿ, ಚಹಾ ತರಿಸಿ, "ಕುಸ್ತಿ ಆಗೂದಿದ್ರ ಹೊರಗ ಮಾಡ್ಸ್ರಿ ಮೇಡಂ, ಕುರ್ಚಿ ಸರ್ಕಾರದ್ದವ" ಎಂದು ಎದ್ದುಹೋದರು.

ಸುರೇಖಾ ತಲೆ ತಗ್ಗಿಸಲಿಲ್ಲ.

"ನೀವ್ ಬರ್ದಿದ್ದು ಖರೇನೇ ಅದರಿ ಸರ್. ನಾ ಡೈವ್ ಹೊಡೀಲಿಲ್ಲ. ರವಿವಾರ ನನ್ನ ನೋಡ್ಲಕ ಗಂಡಿನ ಕಡಿಯವ್ರು ಬರೋರಿದ್ರು. ಮುಖಕ್ಕ ಗೀರು ಬಿತ್ತಂದ್ರ ಇನ್ನ ಆಟಾ ಬಂದ್ ಅಂತ ನಮ್ಮಪ್ಪ ಅಂದಿದ್ದ."

ವೈಜನಾಥರು ಚಹಾದ ಕಪ್ಪು ಕೆಳಗಿಟ್ಟರು. "ನಾಳೇನೇ ಬರೀತೀನವ್ವ. ಟೀಮಿನ ಆಯ್ಕಿ ಇನ್ನಾ ಆಗಿಲ್ಲ."

"ಬ್ಯಾಡ್ರಿ. ಲಗ್ನದ ಮಾತುಕತಿ ನಡದಾವ. ಪೇಪರ್‌ನಾಗ ಬಂದ್ರ ಅಪ್ಪ ತಲಿ ಎತ್ತಿ ತಿರಗೂದು ಹ್ಯಾಂಗ್ರಿ?"

ವೈಜನಾಥರು ಅಲ್ಲಿಂದಲೇ ಆಯ್ಕೆಗಾರರೊಬ್ಬರಿಗೆ ಫೋನ್ ಹಚ್ಚಿ, ಹುಡುಗಿಯನ್ನು ಬಿಡಬೇಡಿ ಎಂದು ಬೇಡಿಕೊಂಡರು. ಕಾರಣ ಹೇಳುವಂತಿರಲಿಲ್ಲ. ಬಿಡಿ ಅಂತ ಬರೆದವರೇ ನೀವಲ್ಲವೇ ಎಂದರಂತೆ ಆ ಕಡೆಯವರು. ಪಟ್ಟಿಯಲ್ಲಿ ಸುರೇಖಾಳ ಹೆಸರು ಬರಲಿಲ್ಲ. ಪರೀಕ್ಷೆ ಮುಗಿದದ್ದೇ ತಡ, ನೋಡಿಹೋದವರ ಮನೆಗೇ ಮದುವೆಯಾಗಿ ಹೋದಳು. ಆಟ ಅಲ್ಲಿಗೇ ನಿಂತಿತು.

ಟೀಕಿಸುವವರು ಆಟಗಾರರ ಎದುರಿಗೆ ಬರಬೇಕೇ ಎಂದು ಈಗಲೂ ಜನ ವಾದಿಸುತ್ತಾರೆ. ಬರಬೇಕು. ಆದರೆ ಬರೆಯುವ ಮುಂಚೆ ಬರಬೇಕು. ಆಮೇಲೆ ಬಂದರೆ ಎದುರುಬದುರು ಕೂತ ಇಬ್ಬರ ಮನಸ್ಸು ಹಗುರಾದೀತು; ಓದಿದವರ ತಲೆಯಲ್ಲಿ ಉಳಿದದ್ದು ಅಳಿಯುವುದಿಲ್ಲ. ಈ ಕೆಲಸ ನನಗೆ ಕಲಿಸಿದ್ದು ಇಷ್ಟು. ವೈಜನಾಥರೂ ಕಲಿತರು, ಆಮೇಲಿನ ಪಂದ್ಯಗಳಲ್ಲಿ ಒಂದು ಬಸ್ಸು ಬಿಟ್ಟು, ಆಟಗಾರರನ್ನು ಮಾತಾಡಿಸಿ ಮುಂದಿನದಕ್ಕೆ ಹೋಗತೊಡಗಿದರು.

ಫೈನಲ್ ಆಡಿದವರ ಪ್ರಮಾಣಪತ್ರಗಳು ತಡವಾಗಿ ಬಂದವು. ಸುರೇಖಾಳದನ್ನು ಒಯ್ಯಲು ಅವಳ ತಾಯಿ ಕಾಶೀಬಾಯಿ ಬಂದರು. ಕೈಗೆ ಕೊಟ್ಟೆ. ಮಡಚದೆ ಎರಡೂ ಕೈಯಲ್ಲಿ ಹಿಡಿದುಕೊಂಡು ಬಾಗಿಲ ತನಕ ಹೋದವರು ನಿಂತರು.

"ಅಕೀ ಮುಖಕ್ಕ ಒಂದ್ ಗೀರೂ ಬೀಳ್ಲಿಲ್ರಿ ಮೇಡಂ. ಬಿದ್ದಿದ್ರ ಛಲೋ ಇತ್ತು."