ಹೋದವರ ಎಡಿ

ಬಾದಾಮಿಯ ನಮ್ಮ ಮನೆಯಲ್ಲಿ ದಸರಾದ ಖಂಡೇಪೂಜೆಯ ದಿನ ಕತ್ತಿ, ಕುಡುಗೋಲುಗಳ ಜೊತೆಗೆ ಒಂದು ಕಾಗದಕ್ಕೂ ಪೂಜೆ ಆಗುತ್ತಿತ್ತು. ಗಾಜಿನ ಕಟ್ಟು ಹಾಕಿಸಿದ ಹಳೆಯ ಮೋಡಿ ಲಿಪಿಯ ಪತ್ರ. ಅದರ ಕೆಳಗೆ ದೊರೆಯ ಸ್ವಂತ ರುಜು, ಚೇಳಿನ ಬಾಲದ ಹಾಗೆ ಮೇಲಕ್ಕೆ ತಿರುಗಿದ್ದು. ದೇಸಾಯಿಯಾಗಿದ್ದ ನಮ್ಮ ಹಿರಿಯರೊಬ್ಬರಿಗೆ, ಸುತ್ತಿನ ಹಳ್ಳಿಗಳಿಂದ ದಂಡು ಕೂಡಿಸಿ ಕಳಿಸು ಎಂದು ಬಂದ ಅಪ್ಪಣೆ ಅದು. ದೊರೆ ನಮ್ಮ ಮನೆತನಕ್ಕೆ ಕಾಗದ ಬರೆದಿದ್ದ ಎಂಬ ಹೆಮ್ಮೆಯಲ್ಲೇ ನಾವು ಬೆಳೆದೆವು. ದಂಡಿಗೆ ಯಾರು ಹೋದರು, ತಿರುಗಿ ಬಂದರೋ ಇಲ್ಲವೋ, ಆ ಮಾತು ಮನೆಯಲ್ಲಿ ಎಂದೂ ಬಂದದ್ದು ನೆನಪಿಲ್ಲ.

ಎಪ್ಪತ್ತರ ದಶಕದ ನಡುವೆ ನರ್ಸ್ ತರಬೇತಿ ಮುಗಿಸಿದೆ. ಕೆರೂರಿನಿಂದ ಒಳಗೆ, ಬಸ್ಸು ಹೋಗದ ಒಂದು ಹಳ್ಳಿಗೆ ನನ್ನನ್ನು ಹಾಕಿದರು. ಊರಲ್ಲಿ ಹೆಚ್ಚಿನವರು ಬೀರಪ್ಪನ ಒಕ್ಕಲು, ಕುರಿ ಸಾಕುವವರು. ಬೀರಪ್ಪನ ಗುಡಿಯ ಹಿಂದಿನ ಮನೆಯ ಮುದುಕಿಯೊಬ್ಬಳು ನನಗೆ ಇರಲು ಕೋಣೆ ಕೊಟ್ಟಳು. ಊರೆಲ್ಲ ಅವಳನ್ನು ಆಯಿ ಎನ್ನುತ್ತಿತ್ತು, ನಾನೂ ಹಾಗೇ ಕರೆದೆ. ನರ್ಸಮ್ಮನಾದ ನನ್ನನ್ನು ಅವಳು ಬಾಯಾರು ಎನ್ನುತ್ತಿದ್ದಳು.

ದಸರಾಕ್ಕೆ ಮುಂಚಿನ ಮಾನವಮಿ ಅಮಾಸಿ ಹತ್ತಿರ ಬಂದಿತ್ತು. ಕಟ್ಟೆಯ ಮೇಲೆ ಕೂತು ಉಣ್ಣೆಯ ನೂಲು ತೆಗೆಯುತ್ತಿದ್ದ ಆಯಿ, ಅಮಾಸಿಯ ಸಂಜೆ ಬಾಗಿಲು ಹಾಕಬೇಡಿರಿ ಎಂದಳು. ಯಾಕೆ ಎಂದೆ.

"ಹೋದವರು ಬಂದ್ರ ಬಾಗಲಾ ತಗದಿರಬೇಕಲ್ರಿ."

ಆಮೇಲೆ ತಾನಾಗಿಯೇ ಹೇಳಿದಳು. ಯಾವ ಕಾಲವೋ ಗೊತ್ತಿಲ್ಲ, ಆ ಊರಿನ ಮನೆಮನೆಯಿಂದ ಒಬ್ಬೊಬ್ಬ ಗಂಡಸು ದಂಡಿಗೆ ಹೋಗಿದ್ದ. ಒಬ್ಬರೂ ತಿರುಗಿ ಬರಲಿಲ್ಲ. ಸತ್ತ ಸುದ್ದಿಯೂ ಬರಲಿಲ್ಲ. ಸುದ್ದಿ ಬಾರದೆ ಬಳೆ ಒಡೆಯುವುದು ಹೇಗೆ? ಅವರ ಹೆಂಡಿರು ಹಣೆಯ ಕುಂಕುಮದಲ್ಲೇ ಮುದುಕಿಯರಾಗಿ ಸತ್ತರು. ಇಂದಿಗೂ ಹೋದವರಿಗೆ ಆ ಊರಲ್ಲಿ ತಿಥಿ ಇಲ್ಲ. ವರ್ಷಕ್ಕೊಮ್ಮೆ ಅಮಾಸಿಯ ಸಂಜೆ ಗುಡಿಯ ಮುಂದೆ ಅವರಿಗೆ ಊಟದ ಎಡಿ ಇಟ್ಟು ಹಾದಿ ಕಾಯುತ್ತಾರೆ.

ಯಾರು ಕರೆದೊಯ್ದರು ಎಂದು ಕೇಳಿದೆ. ಬಾದಾಮಿ ಕಡೆಯ ಒಬ್ಬ ದೇಸಾಯಿಗೆ ಕಾಗದ ಬಂದಿತ್ತಂತೆ, ಅದರ ಮೇಲೆ ದೊರೆಯ ರುಜು ಇತ್ತಂತೆ, ಅದನ್ನು ತೋರಿಸಿ ಕರೆದೊಯ್ದರಂತೆ.

"ಆಯಿ, ಆ ಕಾಗದಾ ನಮ್ಮ ಮನ್ಯಾಗ ಐತಿ" ಎಂದೆ.

ಅವಳ ಕೈ ನಿಲ್ಲಲಿಲ್ಲ. ನೂಲು ಬರುತ್ತಲೇ ಇತ್ತು. "ಅದರಾಗ ಅವರ ಹೆಸರು ಅದಾವೇನ್ರಿ?" ಎಂದು ಕೇಳಿದಳು. ನನಗೆ ಗೊತ್ತಿರಲಿಲ್ಲ.

ಆ ರವಿವಾರವೇ ಬಾದಾಮಿಗೆ ಹೋದೆ. ಅಪ್ಪ ಕಟ್ಟನ್ನು ಗೋಡೆಯಿಂದ ಇಳಿಸಿದರು. ಮೋಡಿ ಬಲ್ಲವರಿಂದ ಅಜ್ಜ ಬರೆಸಿದ್ದ ಕನ್ನಡದ ಪ್ರತಿ ಅದರ ಹಿಂದೆ ಅಂಟಿಸಿತ್ತು. ನಿಂತೇ ಓದಿದೆ. ಕುದುರೆಯ ಹಲ್ಲು ನೋಡಿ ತೆಗೆದುಕೊಳ್ಳಬೇಕು, ಕೋವಿಯ ಮದ್ದು ತೋಯದ ಹಾಗೆ ಸಾಗಿಸಬೇಕು, ಎತ್ತುಗಳಿಗೆ ದಾರಿಯಲ್ಲಿ ಮೇವು ಕೂಡಿಟ್ಟಿರಬೇಕು ಎಂದಿತ್ತು. ಜನರ ಬಗ್ಗೆ ಇದ್ದದ್ದು ಒಂದೇ ಮಾತು: ಮನೆಗೊಂದು ಆಳು. ಹಳ್ಳಿಯ ಸಂಗತಿಯನ್ನೆಲ್ಲ ಅಪ್ಪನಿಗೆ ಹೇಳಿದೆ. "ದೊರಿ ಪತ್ರದಾಗ ಒಕ್ಕಲ ಮಂದಿ ಹೆಸರು ಯಾಕ ಬರ್ತಾವ ಯವ್ವಾ?" ಎಂದರು. ದನಿಯಲ್ಲಿ ಒರಟುತನ ಇರಲಿಲ್ಲ. ಕಟ್ಟನ್ನು ತಿರುಗಿ ಮೊಳೆಗೆ ಹಾಕಿ, ಧೋತರಕ್ಕೆ ಕೈ ಒರೆಸಿಕೊಂಡರು.

ಹಳ್ಳಿಗೆ ತಿರುಗಿ ಬಂದಾಗ ಆಯಿ ಬಾಗಿಲಲ್ಲೇ ಕಾಯುತ್ತಿದ್ದಳು. ಹೆಸರು ಇಲ್ಲ ಎಂದೆ.

"ಒಂದೂ ಇಲ್ಲ?"

"ಮನಿಗೊಂದು ಆಳು ಅಂತ ಐತಿ. ಕುದುರಿ ಹಲ್ಲು ನೋಡಬೇಕಂತ ಐತಿ."

ಅವಳು ಅಳಲಿಲ್ಲ, ಸಿಟ್ಟಾಗಲೂ ಇಲ್ಲ. ಊರ ತುದಿಯ ಮನೆಯಿಂದ ಹಿಡಿದು, ಓಣಿಯಲ್ಲಿ ನಡೆದು ಹೋಗುವವಳಂತೆ, ಮನೆಗೊಂದು ಹೆಸರು ಹೇಳುತ್ತ ಬಂದಳು. ಕೆಲವು ಮನೆಗಳಿಂದ ಹೋದವರ ಹೆಸರು, ಇವನ್ನೆಲ್ಲ ಅವಳಿಗೆ ಹೇಳಿಕೊಟ್ಟ ಅತ್ತೆಗೂ ಗೊತ್ತಿರಲಿಲ್ಲ. ಅಲ್ಲಿ ಬರೀ ಅಂಗೈ ತೆರೆದು ತೋರಿಸಿ ಮುಂದೆ ಹೋದಳು. ಕೇಳುತ್ತ ಕೇಳುತ್ತ ನನಗೆ ಹೊಳೆಯಿತು, ಈ ಹೆಸರುಗಳನ್ನು ನಾನು ಬಲ್ಲೆ. ಊರಿನ ಹುಡುಗರಿಗೆ ಇಟ್ಟದ್ದು ಅವೇ ಹೆಸರು. ಚುಚ್ಚುಮದ್ದಿನ ದಿನ ನಾನು ಕೂಗಿ ಕರೆದದ್ದು ಅವೇ. ಅಲ್ಲಿಂದ ಮುಂದೆ ಚುಚ್ಚುಮದ್ದಿನ ದಿನವೆಂದರೆ ನನ್ನ ನಾಲಿಗೆ ಏಳುತ್ತಿರಲಿಲ್ಲ. ಹೆಸರು ಕರೆದಾಗ ಎದ್ದು ಬರುವ ಮಗುವಿನ ಮುಖ ನೋಡಲು ಅಳುಕಾಗುತ್ತಿತ್ತು.

ನಾನು ಯಾರ ಮನೆಯವಳೆಂದು ಆಯಿ ಊರಿಗೆ ತಾನೇ ಹೇಳಿದಳು. ಒಬ್ಬ ತಾಯಿ ಜ್ವರದ ಕೂಸನ್ನು ನನ್ನ ಕೈಗೆ ಕೊಡಲು ಬಂದವಳು ಎದೆಗೆ ಅವುಚಿಕೊಂಡು ಹಿಂದೆ ಸರಿದಳು. ಆಯಿ ಅವಳ ಮನೆಗೆ ಹೋಗಿ ಏನು ಹೇಳಿದಳೋ, ಮರುದಿನ ಕೂಸು ನನ್ನ ತೊಡೆಯ ಮೇಲಿತ್ತು.

ಅಮಾಸಿಯ ಸಂಜೆ ಗುಡಿಯ ಮುಂದೆ ಕರಿಕಂಬಳಿ ಹಾಸಿ, ರೊಟ್ಟಿ, ಪುಂಡಿಪಲ್ಲೆ, ಮೊಸರಿನ ಎಡಿ ಇಟ್ಟರು. ಆಯಿ ನನ್ನನ್ನು ಹೆಂಗಸರ ನಡುವೆ ನಿಲ್ಲಿಸಿಕೊಂಡಳು. ಊರಿನ ಬಾಗಿಲುಗಳೆಲ್ಲ ತೆರೆದಿದ್ದವು. ಹೊತ್ತು ಮುಳುಗುವಾಗ ಕೆರೂರ ಹಾದಿಯ ಕಡೆ ನಾಯಿಗಳು ಒಮ್ಮೆಲೇ ಬೊಗಳಿದವು. ದೂಳು ಎದ್ದಿತು. ಹೆಂಗಸರು ಸೆರಗು ಸರಿ ಮಾಡಿಕೊಂಡು ಆ ಕಡೆ ನೋಡಿದರು. ಪದ್ಧತಿಗೆಂದು ನೋಡುವ ನೋಟವಲ್ಲ ಅದು, ಖರೇನೇ ಕಾಯುವವರ ನೋಟ. ಯಾರೂ ಬರದಿರಲಿ ಎಂದು ಬೇಡಿಕೊಂಡವಳು ನಾನೊಬ್ಬಳೇ. ಹೋದವರು ಬಂದರೆ ಮೊದಲು ಲೆಕ್ಕ ಕೇಳುವುದು ನನ್ನನ್ನೇ ಎನಿಸಿತ್ತು.

ದೂಳಿನೊಳಗಿಂದ ಊರಿನವನೇ ಒಬ್ಬ ಖಾಲಿ ಚಕ್ಕಡಿ ಹೊಡೆದುಕೊಂಡು ಬಂದ. ನಿಂತವರನ್ನು ಕಂಡು ಕೆಳಗಿಳಿದ. ಆ ಹೊತ್ತಿನಲ್ಲಿ ಮೊದಲು ಬಂದವನಿಗೆ ಎಡಿ ಬಡಿಸುವುದು ಅಲ್ಲಿಯ ರೂಢಿ. ಅವನು ಕಾಲು ತೊಳೆದು ಕೂತು, ತಲೆ ಎತ್ತದೆ ಉಂಡ.

"ಬಾಯಾರ, ನೀವೂ ಕುಂದರ್ರಿ" ಎಂದಳು ಆಯಿ. ಕೂತೆ. ಅವಳು ಬಡಿಸಿದ ರೊಟ್ಟಿ ಮುರಿದೆ.

ಎಂಬತ್ತರ ಆಸುಪಾಸಿನಲ್ಲಿ ಹುನಗುಂದಕ್ಕೆ ವರ್ಗವಾಗುವವರೆಗೆ ಪ್ರತಿ ವರ್ಷ ಆ ಹೆಂಗಸರ ನಡುವೆ ನಿಂತೆ. ಅವರು ನನ್ನನ್ನು ತಮ್ಮವಳೆಂದೇ ತಿಳಿದರು. ನನ್ನ ಅಂಜಿಕೆ ಮಾತ್ರ ಯಾವ ವರ್ಷವೂ ಕಡಿಮೆಯಾಗಲಿಲ್ಲ.