ಡಿಸ್ಕಕ್ಕನ ಮೇಜಿನ ಮೇಲೆ ಹೆಸರಿಲ್ಲದ ಪಾದಗಳು

ಬೆಳಗಿನ ಐದೂವರೆ. ಮಾರುಕಟ್ಟೆ ಕಟ್ಟಡದ ನೆಲಮಾಳಿಗೆಯಲ್ಲಿ ಇನ್ನೂ ಯಾವ ಷಟರೂ ಮೇಲೆದ್ದಿಲ್ಲ. ಮೆಟ್ಟಿಲಿನ ಕೆಳಗಿನ ಮೂಲೆಯಲ್ಲಿ ಮಾತ್ರ ಒಂದು ಟೇಬಲ್ ಲ್ಯಾಂಪು ಉರಿಯುತ್ತಿದೆ. ಅದರ ಹಳದಿ ಬೆಳಕಿನಲ್ಲಿ ಐವತ್ತೆರಡು ವರ್ಷದ ಹೆಂಗಸೊಬ್ಬರು ಅಂಗೈ ಅಗಲದ ಲೋಹದ ಡಬ್ಬಿಯೊಂದರ ಮೇಲೆ ಬಗ್ಗಿ ಕಿವಿಗೊಟ್ಟಿದ್ದಾರೆ. ಡಬ್ಬಿಯ ಕೆಳಗೆ ಸ್ಟೀಲ್ ತಟ್ಟೆ, ಪಕ್ಕದಲ್ಲಿ ಪುಟ್ಟ ಫ್ಯಾನು. ಜ್ವರ ಬಂದ ಮಗುವಿನ ಉಸಿರು ಕೇಳುವವರ ಹಾಗೆ ಅವರೂ ಉಸಿರು ಬಿಗಿಹಿಡಿದಿದ್ದಾರೆ.

“ಸರ್ರ್ ಅಂತ ಸುತ್ತುತ್ತಾ ಇದ್ರೆ ಓದ್ತಾ ಇದೆ ಅಂತ. ಟಿಕ್ ಅಂತು ಅಂದ್ರೆ ನನ್ನೆದೇನೂ ಟಿಕ್ ಅನ್ನತ್ತೆ,” ಎನ್ನುತ್ತಾರೆ, ತಲೆ ಎತ್ತದೆ.

ಮಾರುಕಟ್ಟೆಯವರು ಇವರನ್ನು ಕರೆಯುವುದು ಡಿಸ್ಕಕ್ಕ ಎಂದು. ಲ್ಯಾಪ್‌ಟಾಪಿನ ಪರದೆ ಒಡೆದರೆ, ಕೀಬೋರ್ಡಿನ ಗುಂಡಿ ಕಿತ್ತು ಬಂದರೆ ಮೇಲಿನ ಮಹಡಿಯಲ್ಲಿ ಹೊಳೆಯುವ ಅಂಗಡಿಗಳಿವೆ. ಎಷ್ಟು ಒತ್ತಿದರೂ ಕಣ್ಣು ತೆರೆಯದೆ, ಕಪ್ಪು ಪರದೆಯ ಮೇಲೆ ಒಂದೇ ಒಂದು ಬಿಳಿ ಸಾಲು ತೋರಿಸಿ ಸುಮ್ಮನಾಗುವ ಲ್ಯಾಪ್‌ಟಾಪುಗಳು ಮಾತ್ರ ಹದಿನಾಲ್ಕು ಮೆಟ್ಟಿಲಿಳಿದು ಇಲ್ಲಿಗೆ ಬರುತ್ತವೆ. ಅಜ್ಜಿಯರ ಕಥೆಯ ರಾಕ್ಷಸ ತನ್ನ ಪ್ರಾಣವನ್ನು ಏಳು ಸಮುದ್ರದಾಚೆಯ ಗಿಳಿಯೊಳಗೆ ಬಚ್ಚಿಟ್ಟು ನಿಶ್ಚಿಂತನಾಗಿರುತ್ತಾನೆ. ನಾವೂ ಹಾಗೆಯೇ, ಬದುಕನ್ನು ಲ್ಯಾಪ್‌ಟಾಪಿನೊಳಗಿನ, ಕಣ್ಣಿಗೆ ಕಾಣದ ಹಾರ್ಡ್ ಡಿಸ್ಕೆಂಬ ಡಬ್ಬಿಯಲ್ಲಿಟ್ಟು ಮರೆತುಬಿಡುತ್ತೇವೆ. ಗಿಳಿಯ ಕತ್ತು ವಾಲಿದ ಮೇಲೆ ಡಿಸ್ಕಕ್ಕನ ವಿಳಾಸ ಹುಡುಕುತ್ತೇವೆ.

ಇವತ್ತು ತಟ್ಟೆಯ ಮೇಲಿರುವುದು ಪಕ್ಕದ ಬೀದಿಯ ಬೂಟಿನ ತಾತನ ಡಿಸ್ಕು. ಅರವತ್ತೆಂಟು ವರ್ಷದ ಈ ತಾತ ಸೊಟ್ಟಗಾಲು, ಗಿಡ್ಡಗಾಲು, ಸ್ಪರ್ಶವೇ ತಿಳಿಯದ ಕಾಲು, ಬೆರಳು ಹೋದ ಕಾಲುಗಳಿಗೆ ಬೂಟು ಹೊಲಿಯುವವರು. ಬಂದವರನ್ನು ಕಾಗದದ ಮೇಲೆ ನಿಲ್ಲಿಸಿ ಎರಡೂ ಪಾದದ ಸುತ್ತ ಪೆನ್ಸಿಲಿನಲ್ಲಿ ಗೆರೆ ಎಳೆಯುತ್ತಾರೆ. ಎಲ್ಲಿ ಉಜ್ಜಿತು, ಎಲ್ಲಿ ಬೊಬ್ಬೆ ಎದ್ದಿತು, ಹಿಮ್ಮಡಿಯನ್ನು ಎಷ್ಟು ಮಿಲಿಮೀಟರ್ ಎತ್ತಬೇಕಾಯಿತು ಎಂಬುದನ್ನೆಲ್ಲ ಅದೇ ಹಾಳೆಯ ಮೇಲೆ ಗುರುತು ಹಾಕುತ್ತಾರೆ. ನಾನೂರ ಹನ್ನೆರಡು ಜನರ ಹಾಳೆಗಳು. ಗೆದ್ದಲು ಹಿಡಿಯಲು ಶುರುವಾದಾಗ ಮಗಳು ಕೂತು ಎಲ್ಲವನ್ನೂ ಸ್ಕ್ಯಾನ್ ಮಾಡಿ ಲ್ಯಾಪ್‌ಟಾಪಿಗೆ ತುಂಬಿದಳು. ಕಾಗದಗಳು ಗುಜರಿಗೆ ಹೋದವು. ಕಳೆದ ತಿಂಗಳು ಲ್ಯಾಪ್‌ಟಾಪು ಹೊಲಿಗೆ ಮೇಜಿನಿಂದ ಜಾರಿ ಬಿತ್ತು.

ಬಿದ್ದಿದ್ದಕ್ಕಿಂತ ಆಮೇಲೆ ಆದದ್ದೇ ಹೆಚ್ಚು ಅನಾಹುತ. ಪರದೆ ತಾನಾಗಿಯೇ ‘ಡಿಸ್ಕ್ ರಿಪೇರಿ ಮಾಡಲೇ?’ ಎಂದು ಕೇಳಿತು. ಮನೆಯ ಅಳಿಯ ಮಾಡು ಎಂದರು. ಆಗಲಿಲ್ಲ. ಮತ್ತೆ ಮಾಡು ಎಂದರು. ಎರಡು ದಿನದಲ್ಲಿ ಐದು ಸಲ.

“ಒಳ್ಳೇ ಮನಸ್ಸಿಂದಾನೇ ಮಾಡಿದ್ದು, ಪಾಪ,” ಎನ್ನುತ್ತಾರೆ ಡಿಸ್ಕಕ್ಕ. “ಆದ್ರೆ ಒಳಗಡೆ ಓದೋ ಮುಳ್ಳೇ ಮುರಿಯೋ ಹಾಗಿದೆ. ಮುರಿದ ಕಾಲಲ್ಲಿ ಐದು ಸಲ ಮೆಟ್ಲು ಹತ್ತಿ ಇಳಿಸಿದ ಹಾಗಾಯ್ತು. ಅದೂ ಅಲ್ದೆ ಆ ರಿಪೇರಿ ಅನ್ನೋದಕ್ಕೆ ಕರುಣೆ ಇಲ್ಲ. ಪುಸ್ತಕದ ಪರಿವಿಡಿ ಹರಿದಿದ್ರೆ ಅದು ಪರಿವಿಡೀನೇ ಕಿತ್ತೆಸೆದು, ಹಾಳೆಗಳಿಗೆ ಒಂದು, ಎರಡು, ಮೂರು ಅಂತ ನಂಬರ್ ಹಾಕಿ ಮೂಲೆಗೆ ಒಟ್ಟುತ್ತೆ. ಆಮೇಲೆ ‘ಕೆಲಸ ಮುಗೀತು’ ಅಂತ ತೋರಿಸತ್ತೆ.”

ಮುಂಜಾನೆಯ ಈ ವೇಳೆಗೂ ಕಾರಣವಿದೆ. ಎಂಟು ಗಂಟೆಗೆ ಮೇಲಿನ ಪ್ರೆಸ್ಸಿನವರು ಯಂತ್ರ ಚಾಲೂ ಮಾಡಿದ ಕೂಡಲೇ ಇಡೀ ಕಟ್ಟಡದ ದೀಪಗಳು ಒಮ್ಮೆ ಮಂಕಾಗುತ್ತವೆ. ಡಿಸ್ಕಕ್ಕನ ಯುಪಿಎಸ್ ಹಳೆಯದು, ಹತ್ತು ನಿಮಿಷಕ್ಕೆ ಏದುಸಿರು ಬಿಡುತ್ತದೆ. ಪೆಟ್ಟಾದ ಡಿಸ್ಕು ಬಿಸಿಯಾದರೆ ಓದುವುದನ್ನೇ ನಿಲ್ಲಿಸುತ್ತದೆ. ಹಾಗಾಗಿ ತಂಪಿನ, ಕರೆಂಟು ಏರಿಳಿಯದ ಈ ಎರಡೂವರೆ ಗಂಟೆಯಲ್ಲಿ ಅದರಲ್ಲಿರುವುದನ್ನು ಚೂರು ಚೂರೇ ಹೊಸ ಡಿಸ್ಕಿಗೆ ನಕಲು ಮಾಡಬೇಕು. ಇವತ್ತು ಹನ್ನೊಂದನೆಯ ಬೆಳಗು.

ಈ ವಿದ್ಯೆ ಕಲಿಸಿದ್ದು ಗಂಡ. ಅಂಗಡಿ ಅವರದೇ. ಮಧ್ಯಾಹ್ನ ಗಂಡನಿಗೆ ಊಟದ ಡಬ್ಬಿ ತಂದ ಡಿಸ್ಕಕ್ಕ ಸ್ಕ್ರೂಡ್ರೈವರ್ ಎತ್ತಿಕೊಡುತ್ತಾ, ಸ್ಕ್ರೂ ಹುಡುಕುತ್ತಾ, ಕೊನೆಗೆ ತಾವೇ ಬಿಚ್ಚುತ್ತಾ ಇಪ್ಪತ್ತೆರಡು ವರ್ಷ ಕಳೆದಿದ್ದಾರೆ. ಒಂಬತ್ತು ವರ್ಷದ ಹಿಂದೆ ಗಂಡ ಇದೇ ಕುರ್ಚಿಯಲ್ಲಿ ಎದೆ ಹಿಡಿದುಕೊಂಡು ಕುಸಿದರು. ಈಗ ಅಂಗಡಿಯ ಮುಂದಿನ ಅರ್ಧದಲ್ಲಿ ಗಂಡನ ಅಣ್ಣ ಮೊಬೈಲ್ ಕವರ್ ಮಾರುತ್ತಾರೆ. ಹಿಂದಿನ ಅರ್ಧ ಇವರದು.

ಏಳು ಗಂಟೆಗೆ ಭಾವ ಬರುತ್ತಾರೆ. “ಏನಮ್ಮಾ, ನಿನ್ನ ಪೇಷಂಟು ಇದೆಯಾ, ಹೋಯ್ತಾ?”

“ಬಾಯಲ್ಲಿ ಒಳ್ಳೇದು ಬರಲ್ವಾ ಭಾವ, ಬೆಳ್ಬೆಳಗ್ಗೆ?”

“ನಂಗೇನು ಗೊತ್ತು? ನಾನು ಪ್ಲಾಸ್ಟಿಕ್ ಮಾರೋನು. ನನ್ನ ಸಾಮಾನಿಗೆ ಸಾವೇ ಇಲ್ಲ.”

ನಗು ಬರುತ್ತದೆ, ಹೆಚ್ಚು ಹೊತ್ತು ಉಳಿಯುವುದಿಲ್ಲ. ಡಿಸ್ಕಕ್ಕ ಹೊಸ ಡಿಸ್ಕಿನ ತಂತಿಯನ್ನು ಒಮ್ಮೆ ಕಿತ್ತು ಮತ್ತೆ ಹಾಕಬೇಕಿದೆ. ಹಾಕಿದ ಮೇಲೆ ನಕಲು ಮುಂದುವರಿಸುವ ಮುನ್ನ ಭಾವನನ್ನು ಹತ್ತಿರ ಕರೆಯುತ್ತಾರೆ. ಕೆಟ್ಟ ಡಿಸ್ಕಿಗೆ ಕೆಂಪು ದಾರ ಸುತ್ತಿದೆ. ಅದರ ಮೇಲಿನ ಸೀರಿಯಲ್ ನಂಬರಿನ ಕೊನೆಯ ನಾಲ್ಕು ಅಂಕಿಗಳನ್ನು ಭಾವ ಗಟ್ಟಿಯಾಗಿ ಓದುತ್ತಾರೆ. ಡಿಸ್ಕಕ್ಕ ಪರದೆಯ ಮೇಲೆ ‘ಇದರಿಂದ’ ಎಂಬಲ್ಲಿರುವ ಅಂಕಿಗಳನ್ನು ಓದುತ್ತಾರೆ. ಎರಡೂ ಒಂದೇ ಎಂದಾದ ಮೇಲೆಯೇ ಬೆರಳು ಗುಂಡಿಯ ಮೇಲೆ ಬೀಳುವುದು. ಭಾವ ಇಲ್ಲದಿದ್ದರೆ ಪಕ್ಕದ ಟೈಲರು, ಅವರೂ ಇಲ್ಲದಿದ್ದರೆ, ಇವತ್ತು ಬೆಳಗಿನ ಜಾವದ ಹಾಗೆ, ಕಸ ಗುಡಿಸುವವರು. ಒಬ್ಬರೇ ಇದ್ದಾಗ ಅವರು ಆ ಗುಂಡಿ ಒತ್ತುವುದಿಲ್ಲ.

ಹಿಂದೊಮ್ಮೆ ಒತ್ತಿದ್ದರು. ಗಂಡ ಹೋದ ಮೊದಲ ವರ್ಷ, ಸಂಗೀತದ ಮೇಷ್ಟ್ರೊಬ್ಬರ ಡಿಸ್ಕು. ಮೂವತ್ತು ವರ್ಷ ಕಟ್ಟಿದ ಇನ್ನೂರಕ್ಕೂ ಹೆಚ್ಚು ರಾಗಗಳು. ಎರಡು ಡಿಸ್ಕೂ ಒಂದೇ ಬಣ್ಣ, ಒಂದೇ ಗಾತ್ರ. ಯಾವುದರಿಂದ ಯಾವುದಕ್ಕೆ ಎಂಬುದು ಅದಲುಬದಲಾಯಿತು. ತುಂಬಿದ್ದನ್ನು ಖಾಲಿಯದಕ್ಕೆ ಸುರಿಯುವ ಬದಲು, ಖಾಲಿಯನ್ನು ತುಂಬಿದ್ದರ ಮೇಲೆ ಸುರಿದರು. ನಾಲ್ಕು ಗಂಟೆ ಕಾಲ ಯಂತ್ರ ನಿಯತ್ತಾಗಿ ಆ ಖಾಲಿಯನ್ನೇ ನಕಲು ಮಾಡಿತು.

“ಮೇಷ್ಟ್ರು ಬೈಲಿಲ್ಲ. ‘ಹೋಗ್ಲಿ ಬಿಡಮ್ಮ, ನೆನಪಿರೋದನ್ನ ಮತ್ತೆ ಬರೀತೀನಿ’ ಅಂದ್ರು. ಈಗ್ಲೂ ಈ ದಾರೀಲೇ ಓಡಾಡ್ತಾರೆ, ನನ್ನ ನೋಡಿ ನಗ್ತಾರೆ. ಮತ್ತೆ ಬರೆದ್ರಾ ಅಂತ ಕೇಳೋ ಧೈರ್ಯ ಎಂಟು ವರ್ಷದಿಂದ ಬಂದಿಲ್ಲ.” ಕೆಂಪು ದಾರದ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಾರೆ. “ಬೈದಿದ್ರೆ ಮರೀತಿದ್ದೆನೇನೋ.”

ದಿನಕ್ಕೆ ಮೂರು ನಾಲ್ಕು ಲ್ಯಾಪ್‌ಟಾಪು ಬರುತ್ತವೆ. ಹತ್ತರಲ್ಲಿ ಮೂರು ಪೂರ್ತಿ ಸಿಗುತ್ತವೆ, ಮೂರು ಅರೆಬರೆ, ನಾಲ್ಕರಲ್ಲಿ ಏನೂ ಇಲ್ಲ. ಸುತ್ತುವ ತಟ್ಟೆಯಿಲ್ಲದ ಹೊಸ ಬಗೆಯ ಡಿಸ್ಕುಗಳು ಬಂದ ಮೇಲೆ ಆ ನಾಲ್ಕು ಐದಾಗುತ್ತಿದೆ. “ಹಳೇವು ನರಳ್ತವೆ, ಎರಡು ದಿನ ಟೈಮ್ ಕೊಡ್ತವೆ. ಹೊಸಾವು ಕೂತಲ್ಲೇ ಹೋಗಿಬಿಡ್ತವೆ, ಸದ್ದೇ ಇಲ್ಲ. ಹೆಚ್ಚಿನ ದಿನ ನನ್ನ ಕೆಲ್ಸ ಏನಂದ್ರೆ ‘ಇಲ್ಲ’ ಅನ್ನೋದು. ಅದನ್ನ ಹೇಗೆ ಹೇಳ್ಬೇಕು ಅಂತ ಇನ್ನೂ ಕಲೀಲಿಲ್ಲ.” ಚೆನ್ನಾಗಿರುವ ಲ್ಯಾಪ್‌ಟಾಪು ಹಿಡಿದುಕೊಂಡು ‘ಇದರದ್ದೊಂದು ನಕಲು ಮಾಡಿಕೊಡಿ’ ಎಂದು ಇಷ್ಟು ವರ್ಷದಲ್ಲಿ ಒಬ್ಬರೂ ಬಂದದ್ದಿಲ್ಲವಂತೆ. ಒಬ್ಬರಾದರೂ ಬಂದರೆ ಅವರಿಗೆ ಟೀ ಕುಡಿಸುವ ಆಸೆ ಇದೆ.

ಎಂಟಕ್ಕೆ ಹತ್ತು ನಿಮಿಷವಿರುವಾಗ ಡಿಸ್ಕು ಟಿಕ್ ಎನ್ನುತ್ತದೆ. ಮತ್ತೊಮ್ಮೆ. ಆಮೇಲೆ ಬಿಡದೆ. ಡಿಸ್ಕಕ್ಕ ಕರೆಂಟು ಕಿತ್ತು, ಡಬ್ಬಿಯ ಮೇಲೆ ಅಂಗೈ ಇಟ್ಟು ಸ್ವಲ್ಪ ಹೊತ್ತು ಕೂರುತ್ತಾರೆ. “ಇಷ್ಟೇ. ಇನ್ನು ಇದಕ್ಕೆ ಹಿಂಸೆ ಕೊಡಬಾರದು.”

ಒಂಬತ್ತಕ್ಕೆ ಬೂಟಿನ ತಾತ ಮೆಟ್ಟಿಲಿಳಿದು ಬರುತ್ತಾರೆ, ಗೋಡೆ ಹಿಡಿದುಕೊಂಡು. ಕಟ್ಟೆಯಂತಿರುವ ಮರದ ಪೆಟ್ಟಿಗೆಯ ಮೇಲೆ ಕೂತು ಕೇಳುತ್ತಾರೆ, “ಸಿಕ್ತೇನಮ್ಮ?”

“ಇನ್ನೂರ ಅರವತ್ತೆಂಟು ಹಾಳೆ ಸಿಕ್ಕಿವೆ ತಾತ.”

ತಾತನ ಮುಖ ಅರಳುತ್ತದೆ. ಅರಳಿದ್ದನ್ನು ನೋಡಿ ಡಿಸ್ಕಕ್ಕ ಅವಸರದಲ್ಲಿ ಉಳಿದದ್ದನ್ನೂ ಹೇಳಿಬಿಡುತ್ತಾರೆ. “ಹೆಸರು ಸಿಕ್ಕಿಲ್ಲ. ಒಂದಕ್ಕೂ ಇಲ್ಲ. ಬರೀ ನಂಬರು. ಹಾಳೆ ಮೇಲೆ ನೀವೇ ಹೆಸರು ಬರೆದಿರ್ತೀರಿ ಅಂದ್ಕೊಂಡಿದ್ದೆ.”

“ಹಿಂದುಗಡೆ ಬರೀತಿದ್ದೆ,” ಎನ್ನುತ್ತಾರೆ ತಾತ. “ಮುಂದುಗಡೆ ಕಾಲು ಇಡ್ಬೇಕಲ್ಲಮ್ಮ. ಹೆಸರಿನ ಮೇಲೆ ಕಾಲಿಡ್ಸೋದು ಹೇಗೆ?”

ಮಗಳು ಸ್ಕ್ಯಾನ್ ಮಾಡಿದ್ದು ಮುಂಬದಿಯನ್ನಷ್ಟೇ. ಹಿಂಬದಿಯ ಹೆಸರನ್ನು ನೋಡಿ ಪ್ರತಿ ಚಿತ್ರಕ್ಕೂ ಅದೇ ಹೆಸರಿಟ್ಟು ಉಳಿಸಿದ್ದಳು. ಹೆಸರುಗಳೆಲ್ಲ ಇದ್ದದ್ದು ಆ ರಿಪೇರಿ ಕಿತ್ತೆಸೆದ ಪರಿವಿಡಿಯಲ್ಲಿ.

ಡಿಸ್ಕಕ್ಕ ಮೊದಲ ಹಾಳೆ ತೆರೆಯುತ್ತಾರೆ. ತಾತ ಕನ್ನಡಕ ಸರಿಮಾಡಿಕೊಳ್ಳುತ್ತಾರೆ. “ಇವ್ರು ಅಂಚೆಯವ್ರು. ಎಡಗಾಲು ನೋಡು, ದೋಣಿ ಥರ.” ಎರಡನೆಯದು ಗೊತ್ತಿಲ್ಲ. ಮೂರನೆಯದು ನರ್ಸಮ್ಮ. ನಾಲ್ಕು, ಐದು, ಆರು ಗೊತ್ತಿಲ್ಲ. ಹನ್ನೊಂದು ಗಂಟೆಯ ಹೊತ್ತಿಗೆ ಇನ್ನೂರ ಅರವತ್ತೆಂಟೂ ಮುಗಿಯುತ್ತವೆ. ಗುರುತು ಸಿಕ್ಕಿದ್ದು ಹತ್ತೊಂಬತ್ತು. ಒಂದು ಚಿತ್ರವನ್ನು ತಾತ ಬಹಳ ಹೊತ್ತು ಮುಂದೆ ಸರಿಯಗೊಟ್ಟಿರಲಿಲ್ಲ. ಗಾಳಿಯಲ್ಲಿ ಎರಡೂ ಕೈಗಳನ್ನು ಬಟ್ಟಲಿನಂತೆ ಹಿಡಿದು, ಇಲ್ಲದ ಹಿಮ್ಮಡಿಯೊಂದನ್ನು ತೂಗಿದ್ದರು. “ಕೈಗೆ ಕೊಟ್ಟಿದ್ರೆ ಹೇಳ್ತಿದ್ದೆ. ಕಣ್ಣಿಗೆ ಗೊತ್ತಾಗಲ್ಲ.”

“ಬಂದವ್ರ ಕಾಲು ಇಟ್ಟು ಹೋಲಿಸಿ ನೋಡಿದ್ರಾಯ್ತಲ್ಲ ತಾತ?” ಎನ್ನುತ್ತಾರೆ ಭಾವ, ತಡೆಯಲಾರದೆ.

“ಗೆರೆ ಹೊಂದೋ ಕಾಲು ಹತ್ತು ಸಿಗ್ತವಪ್ಪ. ಗುರುತು ಹೊಂದ್ಬೇಕಲ್ಲ? ಒಬ್ಬರ ಗುರುತಲ್ಲಿ ಇನ್ನೊಬ್ಬರಿಗೆ ಹೊಲಿದ್ರೆ ಗಾಯ ಆಗತ್ತೆ. ನನ್ನ ಹತ್ರ ಬರೋರಲ್ಲಿ ಅರ್ಧ ಜನಕ್ಕೆ ಗಾಯ ಆದದ್ದೇ ತಿಳಿಯಲ್ಲ, ಕಾಲಿಗೆ ಸ್ಪರ್ಶ ಇಲ್ಲ. ತಿಳಿಯೋ ಹೊತ್ತಿಗೆ ಬೆರಳು ಹೋಗಿರತ್ತೆ.” ತಾತನ ದನಿ ಇಳಿಯುತ್ತದೆ. “ಆ ಹಾಳೇಲಿದ್ದ ಒಂದೊಂದು ಗುರುತೂ ಒಂದೊಂದು ಸಲ ಅವ್ರನ್ನ ನೋಯಿಸಿ ಕಲಿತದ್ದು. ಈಗ ಎಲ್ಲರನ್ನೂ ಮೊದಲಿಂದ ನೋಯಿಸ್ಬೇಕು.”

ಮೇಲೆ ಪ್ರೆಸ್ಸು ದಡದಡಿಸುತ್ತಿದೆ. ಡಿಸ್ಕಕ್ಕ ಹೊಸ ಡಿಸ್ಕನ್ನು ಹಳೆಯ ಟವೆಲಿನಲ್ಲಿ ಸುತ್ತಿ ತಾತನ ಕೈಗಿಡುತ್ತಾರೆ. ಕಿಸೆಗೆ ಕೈ ಹಾಕಿದ ತಾತನನ್ನು ತಡೆಯುತ್ತಾರೆ. ತಪ್ಪು ತಮ್ಮದಲ್ಲದಿದ್ದರೂ ತಲೆ ತಗ್ಗಿಸಿಯೇ ನಿಂತಿದ್ದಾರೆ. ತಾತ ಏಳುವಾಗ ಅವರ ಕಣ್ಣು, ಇಷ್ಟು ವರ್ಷದ ಅಭ್ಯಾಸದಂತೆ, ಡಿಸ್ಕಕ್ಕನ ಬರಿಗಾಲಿನ ಮೇಲೆ ಬೀಳುತ್ತದೆ.

“ಬಲಗಾಲು ಒಳಗಡೆ ಬೀಳ್ತಿದೆ ನಿಂಗೆ. ಸಂಜೆ ಮಂಡಿ ನೋಯತ್ತಲ್ವಾ?”

“ನೋಯತ್ತೆ ತಾತ. ಬಗ್ಗಿ ಬಗ್ಗಿ ಅಂದ್ಕೊಂಡಿದ್ದೆ.”

“ಬಗ್ಗಿ ಅಲ್ಲ. ನಾಳೆ ಬಾ, ಅಳತೆ ತಗೋತೀನಿ. ಹೊಸದಾಗಿ ಶುರು ಮಾಡೋದು ಇದ್ದೇ ಇದೆ, ನಿಂದೇ ಮೊದಲಾಗ್ಲಿ.”

“ಯಾವುದ್ರಲ್ಲಿ ಬರ್ಕೋತೀರಿ?”

“ಇನ್ಯಾವುದ್ರಲ್ಲಿ? ಪುಸ್ತಕದಲ್ಲಿ.”

“ಎರಡು ಪುಸ್ತಕದಲ್ಲಿ ಬರ್ಕೊಳ್ಳಿ,” ಎನ್ನುತ್ತಾರೆ ಡಿಸ್ಕಕ್ಕ. “ಒಂದನ್ನ ಮಗಳ ಮನೇಲಿಡಿ.”